ಹೆಸರು ಬದಲಿಸಿ ಮತ್ತೆ ನುಸುಳುವ ಆಟಗಾರನನ್ನು ತಡೆಯೋದು ಹೇಗೆ?

ಪುಣೆಯ ನಮ್ಮ ಕನ್ನಡ ಹುಡುಗರ ಮೈನ್‌ಕ್ರಾಫ್ಟ್ ಸರ್ವರ್‌ಗೆ, ಬ್ಯಾನ್ ಆದವನೇ ಹೊಸ ಹೆಸರಿನಲ್ಲಿ ಮತ್ತೆ ಬರ್ತಾನೆ ಅಂದಿರಿ.

ಹೆಸರು ಬಿಡಿ, ಯುಯುಐಡಿ (ಪ್ರತಿ ಖಾತೆಗೂ ಇರುವ ಬದಲಾಗದ ಗುರುತಿನ ಸಂಖ್ಯೆ) ಹಿಡೀರಿ. ಹಿಂಜವಡಿಯಲ್ಲಿ ಎಷ್ಟು ಸಲ ರೂಮು ಬದಲಿಸಿದರೂ ಪ್ಯಾನ್ ನಂಬರ್ ಅದೇ ಇರುತ್ತಲ್ಲ, ಹಾಗೆ. 2015ರಿಂದ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ (ಕಂಪ್ಯೂಟರಿನಲ್ಲಿ ಆಡುವ ಮೂಲ ಆವೃತ್ತಿ) 30 ದಿನಕ್ಕೊಮ್ಮೆ ಹೆಸರು ಬದಲಿಸಬಹುದು. ಬಿಟ್ಟ ಹೆಸರು 37 ದಿನಗಳ ನಂತರ ಬೇರೆಯವರ ಪಾಲಾಗಬಹುದು. ಹೆಸರು ನೋಡಿ ಅಧಿಕಾರ ಕೊಡುವ ಹಳೇ ಪ್ಲಗಿನ್ (ಸರ್ವರ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇದ್ದರೆ, ಆ ಹೆಸರು ಹಿಡಿದು ಬಂದ ಅಪರಿಚಿತನೇ ಯಜಮಾನ! ಯುಯುಐಡಿ ಮಾತ್ರ ಖಾತೆ ಇರುವವರೆಗೂ ಅದೇ.

ಬ್ಯಾನ್, ವೈಟ್‌ಲಿಸ್ಟ್ (ಒಳಬರಲು ಅನುಮತಿ ಇರುವವರು), ಆಪ್ (ಸರ್ವರ್ ನಡೆಸುವ ಅಧಿಕಾರ ಇರುವವರು) ಪಟ್ಟಿಗಳು 1.7.6 ಆವೃತ್ತಿಯಿಂದಲೇ ಯುಯುಐಡಿ ಮೇಲೆ ನಡೆಯುತ್ತವೆ. ಆದರೂ ಅವನು ನುಸುಳುತ್ತಿದ್ದಾನೆ ಅಂದರೆ, ನಿಮ್ಮಲ್ಲಿ ಆನ್‌ಲೈನ್ ಮೋಡ್ (ಖಾತೆ ಅಸಲಿಯೇ ಅಂತ ಪರೀಕ್ಷಿಸುವ ಸರ್ವರ್ ಸೆಟ್ಟಿಂಗ್) 'ಫಾಲ್ಸ್' ಇದೆ ಅಂತ ನನ್ನ ಅನುಮಾನ. ಆಗ ಸರ್ವರ್, ಆಟಗಾರನ ಹೆಸರಿನಿಂದಲೇ ಯುಯುಐಡಿ ಲೆಕ್ಕ ಹಾಕುತ್ತೆ. ಹೆಸರು ಹೊಸದಾದರೆ ಅದೂ ಹೊಸದು. 'ಟ್ರೂ' ಮಾಡಿ. ಅದಕ್ಕೂ ಮೊದಲು ಬ್ಯಾಕಪ್ ತಗೊಳ್ಳಿ: ಆಟಗಾರರ ಸಾಮಾನೆಲ್ಲ ಹಳೇ ಯುಯುಐಡಿ ಹೆಸರಿನ ಕಡತಗಳಲ್ಲಿದೆ, ಬದಲಾದ ಮೇಲೆ ಎಲ್ಲರೂ ಬರಿಗೈಯಲ್ಲಿ ಹುಟ್ಟುತ್ತಾರೆ. ಆಟ ಕೊಳ್ಳದೆ ಆಡುವವರೂ ಹೊರಗುಳಿಯುತ್ತಾರೆ, ಗಲಾಟೆ ಗ್ಯಾರಂಟಿ.

ದುಡ್ಡು ಕೊಟ್ಟು ಹೊಸ ಖಾತೆಯನ್ನೇ ಕೊಂಡು ಬಂದರೆ? ಅದಕ್ಕೆ ವೈಟ್‌ಲಿಸ್ಟೇ ಗಟ್ಟಿ ದಾರಿ.