ಡಯಾಲಿಸಿಸ್‌ನಲ್ಲಿ ಇರುವವರು ಮತ್ತೆ ನಡೆಯಲು ಶುರು ಮಾಡುವುದು ಹೇಗೆ?

ಡಯಾಲಿಸಿಸ್ ಶುರುವಾದಾಗಿಂದ ವಾಕಿಂಗ್ ನಿಂತುಹೋಗಿದೆ, ಮನೆಯವರು ಸೋಮಾರಿ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಡಯಾಲಿಸಿಸ್ ಮಾಡಿಸಿಕೊಳ್ಳುವವನೇ. ಮೊದಲು ಆ ಸೋಮಾರಿತನದ ಮಾತು ಪಕ್ಕಕ್ಕಿಡಿ.

ಸುಸ್ತಿನ ಮೂಲ ಬಹಳ ಸಲ ರಕ್ತದಲ್ಲೇ ಇರುತ್ತದೆ. ರಕ್ತ ತಯಾರಾಗಲು ಎರಿಥ್ರೋಪೊಯೆಟಿನ್ ಅನ್ನುವ ಹಾರ್ಮೋನ್ ಬೇಕು. ಅದು ಹೆಚ್ಚಾಗಿ ಬರುವುದೇ ಕಿಡ್ನಿಯಿಂದ. ಕಿಡ್ನಿ ಸೋತರೆ ಹಿಮೋಗ್ಲೋಬಿನ್ ಇಳಿಯುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಆಗ ಬರೀ ಮನಸ್ಸು ಗಟ್ಟಿ ಮಾಡಿಕೊಂಡರೆ ಕಾಲು ಏಳುತ್ತದಾ? ಹಿಮೋಗ್ಲೋಬಿನ್, ಕಬ್ಬಿಣದ ಅಂಶ ಎಷ್ಟಿದೆ ಅಂತ ಡಾಕ್ಟರನ್ನು ಕೇಳಿ. ನನಗಂತೂ ಇಂಜೆಕ್ಷನ್ ಕೊಟ್ಟು ಹಿಮೋಗ್ಲೋಬಿನ್ ಏರಿದ ಮೇಲೆಯೇ ನಡೆಯುವ ಆಸೆ ಬಂದದ್ದು.

ಆಮೇಲೆ ದಿನದ ಲೆಕ್ಕ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ ಮೆಷಿನ್‌ಗೆ ಹೋಗುತ್ತದೆ. ಮುಗಿಸಿ ಎದ್ದರೆ ಬಿಪಿ ಇಳಿದು ತಲೆ ಸುತ್ತು. ಅವತ್ತು ಸಂಜೆ ವಾಕಿಂಗ್ ಹೋಗು ಅನ್ನುವವರು ಒಮ್ಮೆ ಆ ಕುರ್ಚಿಯಲ್ಲಿ ಕೂತು ನೋಡಬೇಕು! ನಾನು ನಡೆಯುವುದು ಡಯಾಲಿಸಿಸ್ ಇಲ್ಲದ ದಿನ, ಬೆಳಿಗ್ಗೆ. ಕೆಲವು ಕಡೆ ಮೆಷಿನ್ ಓಡುತ್ತಿರುವಾಗಲೇ ಕಾಲಿಗೆ ಪೆಡಲ್ ಕೊಡುತ್ತಾರೆ, ಸಾಮಾನ್ಯವಾಗಿ ಮೊದಲ 2 ಗಂಟೆಯೊಳಗೆ. ಹೊತ್ತು ಕಳೆದಂತೆ ಬಿಪಿ ಬೀಳುವುದು ಜಾಸ್ತಿ, ಅದಕ್ಕೇ. ಸಿಕ್ಕರೆ ಬಿಡಬೇಡಿ, ಹೇಗೂ ಸುಮ್ನೆ ಕೂತಿರುವ ಹೊತ್ತು ಅಲ್ವಾ?

ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ ಇರುವ ಕೈ ಬಗ್ಗೆ ಎಲ್ಲರಿಗೂ ಭಯ. ಗಾಯ ಮಾಗಿದ ಮೇಲೆ ಮೆತ್ತನೆಯ ಚೆಂಡು ಹಿಸುಕಿ ಅಂತ ಡಾಕ್ಟರೇ ಹೇಳುತ್ತಾರೆ, ಆ ರಕ್ತನಾಳ ದಪ್ಪವಾಗಲಿ ಅಂತ. ಆ ಕೈಗೆ ಬಿಗಿಯಾದ ಪಟ್ಟಿ ಬೇಡ, ಭಾರದ ಚೀಲ ನೇತುಹಾಕುವುದೂ ಬೇಡ.

ಎಷ್ಟು ಮಾಡಬೇಕು? ಕಿಡ್ನಿ ಕಾಯಿಲೆಗೆ ಕೆಡಿಗೋ (KDIGO) ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವಾರಕ್ಕೆ 150 ನಿಮಿಷ ಅಂತಿದೆ. ಹೆದರಬೇಡಿ, ಇಲ್ಲವೇ ಹೃದಯಕ್ಕೂ ಮೈಗೂ ತಡೆಯುವಷ್ಟು ಅಂತಲೂ ಅದರಲ್ಲೇ ಇದೆ. 5 ನಿಮಿಷದಿಂದ ಶುರು ಮಾಡಿ. ನಡೆಯುತ್ತಾ ಮಾತಾಡಲು ಆಗಬೇಕು, ಅದೇ ಅಳತೆ. ತೊಡೆಯ ಬಲಕ್ಕೆ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ನನಗೆ ವಾಕಿಂಗ್‌ಗಿಂತಲೂ ಉಪಯೋಗವಾಗಿದೆ.

ಎದೆ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಮೈಕೈ ನೋವು ಅಂತ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಮಾತ್ರೆಗಳನ್ನು ಅವರನ್ನು ಕೇಳದೆ ನುಂಗಬೇಡಿ.