ಅಭ್ಯರ್ಥಿಗಳು ಒಂದೇ ಮಾತಲ್ಲಿ ಉತ್ತರ ಮುಗಿಸಿದರೆ

ಕೆಲಸಕ್ಕೆ ಸಂದರ್ಶನ ಮಾಡುವಾಗ ಅಭ್ಯರ್ಥಿಗಳು "ಹೌದು, ಮಾಡಿದ್ದೇನೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ, ಕೊನೆಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ ಎಂದಿದ್ದೀರಿ. ತೊಂದರೆ ಬಹುಶಃ ಪ್ರಶ್ನೆಗಳದ್ದು. "ಒತ್ತಡದಲ್ಲಿ ಕೆಲಸ ಮಾಡ್ತೀರಾ?" ಅಂದರೆ ಯಾರು ತಾನೇ ಇಲ್ಲ ಅಂತಾರೆ? ನೀವು ಕೇಳಿದ ಪ್ರಶ್ನೆಗಳನ್ನು ಬರೆದಿಲ್ಲ, ಹಾಗಾಗಿ ಇದು ಊಹೆ.

ಮೊದಲು, ಆ ಹುದ್ದೆಗೆ ಬೇಕೇಬೇಕಾದ ಮೂರು ನಾಲ್ಕು ಗುಣ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ನಡೆದ ಘಟನೆಯನ್ನೇ ಕೇಳಿ: "ಕೊಟ್ಟ ಗಡುವು ತಪ್ಪುತ್ತದೆ ಅಂತ ಗೊತ್ತಾದಾಗ ಏನು ಮಾಡಿದಿರಿ?" ಉತ್ತರದಲ್ಲಿ ಬರೀ "ನಾವು ಮಾಡಿದೆವು" ಅಂತಿದ್ದರೆ, "ಅದರಲ್ಲಿ ನಿಮ್ಮ ಕೆಲಸ ಯಾವುದು?" ಎಂದು ಮೆಲ್ಲಗೆ ಕೇಳಿ. ಆಮೇಲೆ ಸುಮ್ಮನಿರಿ. ಕಷ್ಟ ಇರುವುದೇ ಇಲ್ಲಿ. ಅವರು ನೆನಪಿಸಿಕೊಳ್ಳುತ್ತಿರುತ್ತಾರೆ, ನಾವು ಮೌನ ತಡೆಯಲಾರದೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಹತ್ತು ಸೆಕೆಂಡ್ ಕಾಯಿರಿ.

ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. 1ರಿಂದ 5ರವರೆಗೆ ಅಂಕ ಇಟ್ಟುಕೊಳ್ಳಿ. ಎಂಥ ಉತ್ತರಕ್ಕೆ 5, ಎಂಥದ್ದಕ್ಕೆ 1 ಎಂಬುದನ್ನು ಮೊದಲೇ ಬರೆದಿಡಿ. ಮುಂದಿನವರು ಒಳಬರುವ ಮುನ್ನ ಅಂಕ ಹಾಕಿ ಮುಗಿಸಿ. ಜೊತೆಗೆ ಇನ್ನೊಬ್ಬ ಸಂದರ್ಶಕರಿದ್ದರೆ ಇಬ್ಬರೂ ಅಂಕ ಬರೆಯುವ ತನಕ ಆ ಅಭ್ಯರ್ಥಿಯ ಬಗ್ಗೆ ಮಾತಾಡಲೇಬೇಡಿ, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ.

ಆಗಷ್ಟೇ ಓದು ಮುಗಿಸಿದವರ ಬಳಿ ಹೇಳಲು ಘಟನೆ ಇರದಿರಬಹುದು. ಕಾಲೇಜಿನ ಪ್ರಾಜೆಕ್ಟ್ ಬಗ್ಗೆ ಕೇಳಿ, ಇಲ್ಲವೇ ಹುದ್ದೆಗೆ ಹೊಂದುವ ಸಣ್ಣ ಕೆಲಸವೊಂದನ್ನು ಅಲ್ಲೇ ಮಾಡಿಸಿ. ನನ್ನ ಕೇಳಿದರೆ ಎರಡನೆಯದೇ ಮೇಲು.

ಆಗಲೂ ಬಾಯಿ ಬಿಡದಿದ್ದರೆ ಅಂಜಿಕೆ ಕಾರಣವಿರಬಹುದು. ಯಾವ ವಿಷಯಗಳ ಬಗ್ಗೆ ಕೇಳುತ್ತೀರಿ ಎಂಬುದನ್ನು ಹಿಂದಿನ ದಿನವೇ ಎಲ್ಲರಿಗೂ ಕಳಿಸಿ ನೋಡಿ.