ಡಬ್ಬಿ ಕ್ಯಾಮೆರಾಗೆ ಎಷ್ಟು ಸೆಕೆಂಡ್ ಕೊಡಬೇಕು: ಮೊದಲು ರಂಧ್ರ ಅಳೆಯಿರಿ

ಸರ್, ನಿಮ್ಮ ಪ್ರಶ್ನೆಯನ್ನು ಒಮ್ಮೆ ಒಟ್ಟುಮಾಡಿಕೊಳ್ಳುತ್ತೇನೆ. ಲೆನ್ಸ್ ಇಲ್ಲದೆ ಸಣ್ಣ ರಂಧ್ರದಿಂದಲೇ ಚಿತ್ರ ಮೂಡಿಸುವ (ಪಿನ್‌ಹೋಲ್) ನಿಮ್ಮ ತಗಡಿನ ಡಬ್ಬಿಯಲ್ಲಿ ರಂಧ್ರದಿಂದ ಫೋಟೋ ಪೇಪರಿಗೆ 90 ಮಿ.ಮೀ., ರಂಧ್ರ "ಸುಮಾರು 0.35 ಮಿ.ಮೀ.". ಮಧ್ಯಾಹ್ನದ ಬಿಸಿಲಲ್ಲಿ 45 ಸೆಕೆಂಡ್ ಕೊಟ್ಟರೆ ನೆಗೆಟಿವ್ ಕಪ್ಪೋ ಕಪ್ಪು (ಬೆಳಕು ಹೆಚ್ಚಾಯಿತು), ಸಂಜೆ ಆರಕ್ಕೆ ಅದರ ಮೂರು ಪಟ್ಟು ಕೊಟ್ಟರೂ ಬಿಳಿ (ಬೆಳಕು ಸಾಲಲಿಲ್ಲ). ಇನ್ನೊಂದು ಪೆಟ್ಟಿಗೆಗೆ ಇಲ್ಫೋರ್ಡ್ ಕಂಪನಿಯ ಕಪ್ಪುಬಿಳುಪು ಫಿಲ್ಮ್ ಎಫ್‌ಪಿ4 ಪ್ಲಸ್ ರೋಲ್ ಹಾಕುವ ಯೋಚನೆಯೂ ಇದೆ.

ಮೊದಲ ಅನುಮಾನ ನನಗೆ ಆ "ಸುಮಾರು" ಮೇಲೆಯೇ. ಎಫ್ ಸಂಖ್ಯೆ ಅಂದರೆ ದೂರವನ್ನು ರಂಧ್ರದ ಅಗಲದಿಂದ ಭಾಗಿಸಿದ್ದು. 90 ÷ 0.35 = 257. ಎಫ್/16ಕ್ಕೆ ಹೋಲಿಸಿದರೆ ಬೇಕಾಗುವ ಸಮಯ (257 ÷ 16)ರ ವರ್ಗ, ಅಂದರೆ 258 ಪಟ್ಟು. ಸ್ವಚ್ಛ ಬಿಸಿಲಲ್ಲಿ ಎಫ್/16ಕ್ಕೆ ಸಮಯ 1/ಐಎಸ್‌ಒ ಸೆಕೆಂಡ್ (ಐಎಸ್‌ಒ ಅಂದರೆ ಪೇಪರ್ ಅಥವಾ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ). ಪೇಪರಿನ ಐಎಸ್‌ಒ 6 ಅಂತ ಹಿಡಿದರೆ 258 ÷ 6 = 43 ಸೆಕೆಂಡ್. ಹಾಗಾಗಿ ನಿಮ್ಮ 45 ಸರಿಯಾದ ಲೆಕ್ಕವೇ. ಆದರೆ ಸೂಜಿಯನ್ನು ಸ್ವಲ್ಪ ಜೋರಾಗಿ ಒತ್ತಿ ರಂಧ್ರ 0.6 ಆಗಿದ್ದರೆ? ಎಫ್/150 ಆಯಿತು, 88 ಪಟ್ಟು, 15 ಸೆಕೆಂಡ್ ಸಾಕು. ಕಾಲು ಮಿಲಿಮೀಟರ್ ವ್ಯತ್ಯಾಸಕ್ಕೆ ಸಮಯ ಮೂರು ಪಟ್ಟು ಬದಲಾಗುತ್ತದೆ, ಏಕೆಂದರೆ ಇಲ್ಲಿ ಎಲ್ಲವೂ ವರ್ಗದಲ್ಲಿ ನಡೆಯುತ್ತದೆ.

ಕಣ್ಣಳತೆ, ಸ್ಕೇಲು ಎರಡೂ ಬೇಡ. ತಗಡಿನ ತುಂಡನ್ನು ಫ್ಲಾಟ್‌ಬೆಡ್ ಸ್ಕ್ಯಾನರ್ ಮೇಲಿಟ್ಟು 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ರಂಧ್ರ ಅಡ್ಡಡ್ಡಕ್ಕೆ ಎಷ್ಟು ಪಿಕ್ಸೆಲ್ ಇದೆ ಎಣಿಸಿ. ಪಿಕ್ಸೆಲ್ × 25.4 ÷ 2400 ಅಂದರೆ ಮಿ.ಮೀ. ಸಿಕ್ಕಿತು. 33 ಪಿಕ್ಸೆಲ್ ಬಂದರೆ 0.35, 57 ಬಂದರೆ 0.6. ಉದ್ದಕ್ಕೂ ಅಡ್ಡಕ್ಕೂ ಎಣಿಸಿ, ಮೊಟ್ಟೆಯಾಕಾರ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೊಸದಾಗಿ ಕೊರೆಯುವುದಾದರೆ ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು 2 ಸೆಂ.ಮೀ. ಚೌಕ ಕತ್ತರಿಸಿಕೊಳ್ಳಿ. ದಪ್ಪ ರಟ್ಟಿನ ಮೇಲಿಟ್ಟು ಸೂಜಿಯಿಂದ ಸಣ್ಣ ಗುಳಿ ಮಾಡಿ, ತೂತು ಬೀಳಿಸಬೇಡಿ. ಹಿಂದೆ ಎದ್ದ ಉಬ್ಬನ್ನು 600 ನಂಬರ್ ನೀರು ಕಾಗದದಿಂದ (ಸ್ಯಾಂಡ್‌ಪೇಪರ್) ಉಜ್ಜಿ ತೆಗೆಯಿರಿ. ತಗಡು ತೆಳುವಾದ ಆ ಜಾಗದಲ್ಲಿ ಸೂಜಿಯ ತುದಿಯನ್ನಷ್ಟೇ ತಿರುಗಿಸುತ್ತಾ ತೂರಿಸಿ, ಮತ್ತೆ ಉಜ್ಜಿ. ಅಂಚು ದಪ್ಪ ಉಳಿದರೆ ರಂಧ್ರ ಕೊಳವೆಯಂತಾಗಿ ಚಿತ್ರದ ಮೂಲೆಗಳು ಸಾಯುತ್ತವೆ. 90 ಮಿ.ಮೀ.ಗೆ 0.35 ಒಳ್ಳೆಯ ಅಳತೆ. ಅದಕ್ಕಿಂತ ತೀರಾ ಚಿಕ್ಕದು ಮಾಡಿದರೂ ಚಿತ್ರ ಚೂಪಾಗುವುದಿಲ್ಲ, ಬೆಳಕು ಅಂಚಿನಲ್ಲಿ ಚದುರಿ ಮಸುಕೇ ಆಗುತ್ತದೆ.

ಈಗ ಫೋನಿನ ಲೈಟ್ ಮೀಟರ್ ಆ್ಯಪ್ ವಿಷಯ. ಐಎಸ್‌ಒ 100, ಎಫ್/16ಕ್ಕೆ ಇಟ್ಟುಬಿಡಿ, ಮತ್ತೆ ಮುಟ್ಟಬೇಡಿ. 100ರಿಂದ 6ಕ್ಕೆ ಇಳಿಯಲು ಸುಮಾರು 17 ಪಟ್ಟು, ರಂಧ್ರಕ್ಕೆ 258 ಪಟ್ಟು, ಗುಣಿಸಿದರೆ ಹತ್ತಿರ ಹತ್ತಿರ 4,400. ಈ ಒಂದೇ ಸಂಖ್ಯೆಯನ್ನು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಮೀಟರ್ 1/100 ತೋರಿಸಿದರೆ 44 ಸೆಕೆಂಡ್, 1/12 ತೋರಿಸಿದರೆ ಆರು ನಿಮಿಷ. ರಂಧ್ರ 0.6 ಎಂದಾದರೆ ಬರೆಯಬೇಕಾದ್ದು 1,500. ಮೀಟರ್ ಇಲ್ಲದಿದ್ದರೆ ಬಿಸಿಲಿನ ಸಮಯಕ್ಕೆ ತೆಳು ಮೋಡದಲ್ಲಿ ಎರಡು ಪಟ್ಟು, ನೆರಳೇ ಬೀಳದ ಮೋಡದಲ್ಲಿ ನಾಲ್ಕು, ದಟ್ಟ ಮೋಡದಲ್ಲಿ ಎಂಟು ಪಟ್ಟು.

ಸಂಜೆಯ ಬಿಳಿ ಪೇಪರಿಗೆ ಕಾರಣ ಬೇರೆ. ಫೋಟೋ ಪೇಪರ್ ನೀಲಿಯನ್ನು, ಸ್ವಲ್ಪ ಮಟ್ಟಿಗೆ ಹಸಿರನ್ನು ಮಾತ್ರ ಕಾಣುತ್ತದೆ. ಕೆಂಪು ಕಾಣದು, ಅದಕ್ಕೇ ಕೆಂಪು ದೀಪದಲ್ಲಿ ತೊಳೆಯಲು ಆಗುವುದು. ಸೂರ್ಯ ಕೆಳಗಿಳಿದಾಗ ಉಳಿಯುವುದು ಹಳದಿ ಕೆಂಪು ಬೆಳಕು. ಮೀಟರ್ ಅದನ್ನು ಎಣಿಸುತ್ತದೆ, ಪೇಪರಿಗೆ ಅದು ತಲುಪುವುದೇ ಇಲ್ಲ. ಹಾಗಾಗಿ ಸಂಜೆ ಐದೂವರೆ ನಂತರ ಮೀಟರ್ ಹೇಳಿದ್ದಕ್ಕೆ ಎರಡು ಮೂರು ಪಟ್ಟು ಕೊಟ್ಟು ಶುರು ಮಾಡಿ. ಹಳೇ ಬಲ್ಬಿನ ಬೆಳಕಿನಲ್ಲಿ ಇನ್ನೂ ಹೆಚ್ಚು. ಮಳೆಗಾಲದ ಮೋಡದ ಬೆಳಕಿನಲ್ಲಿ ನೀಲಿ ಧಾರಾಳ ಇರುವುದರಿಂದ ಮೀಟರನ್ನು ನಂಬಬಹುದು. ಅಡಿಕೆ ತೋಟದೊಳಗೆ ಮಾತ್ರ ಹುಷಾರು, ಎಲೆಗಳನ್ನು ದಾಟಿ ಬರುವ ಬೆಳಕಿನಲ್ಲಿ ನೀಲಿ ಕಡಿಮೆ.

ಐಎಸ್‌ಒ 6 ಅನ್ನುವುದೂ ಶುರುವಾತಿಗಷ್ಟೇ. ಹಳೆಯ ಪೇಪರ್ 3ಕ್ಕೂ ಇಳಿದಿರಬಹುದು. ಒಂದು ಹಾಳೆಯನ್ನು ನಾಲ್ಕು ಪಟ್ಟಿ ಮಾಡಿ, ಒಂದೊಂದನ್ನೇ ಡಬ್ಬಿಗೆ ಹಾಕಿ, ಒಂದೇ ದೃಶ್ಯಕ್ಕೆ 15, 30, 60, 120 ಸೆಕೆಂಡ್ ಕೊಡಿ. ಯಾವಾಗಲೂ ದುಪ್ಪಟ್ಟು ಮಾಡುತ್ತಾ ಹೋಗಬೇಕು. 40ರ ಬದಲು 45 ಕೊಟ್ಟು ಏನೂ ತಿಳಿಯದು. ನಾಲ್ಕನ್ನೂ ಒಂದೇ ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣ), ಒಂದೇ ಸಮಯ ತೊಳೆಯಿರಿ. ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರಿಗೆ 20 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ನಿಮಿಷ. ನಮ್ಮ ಬೇಸಿಗೆಯಲ್ಲಿ ಡೆವಲಪರ್ 30 ಡಿಗ್ರಿ ಇರುತ್ತದೆ, ಚಿತ್ರ ಇಪ್ಪತ್ತೇ ಸೆಕೆಂಡಿಗೆ ಕಪ್ಪೇರುತ್ತದೆ, ಗಾಬರಿಯಾಗಿ ಎತ್ತಿಬಿಡುತ್ತೇವೆ. ಹಾಗೆ ಎತ್ತಿದ ಪೇಪರಿನಿಂದ ಎಕ್ಸ್‌ಪೋಷರ್ (ಬೆಳಕು ಕೊಟ್ಟ ಸಮಯ) ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು. ಟ್ರೇಯನ್ನು ಐಸ್ ನೀರಿನ ಅಗಲ ಪಾತ್ರೆಯಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ.

ಇನ್ನೊಂದು ಪರೀಕ್ಷೆ ಬಿಡಬೇಡಿ. ಪೇಪರ್ ತುಂಬಿದ ಡಬ್ಬಿಯನ್ನು ರಂಧ್ರ ಮುಚ್ಚಿಯೇ ಐದು ನಿಮಿಷ ಬಿಸಿಲಲ್ಲಿಟ್ಟು ಪೇಪರ್ ತೊಳೆಯಿರಿ. ಬೆಳ್ಳಗಿರಬೇಕು. ಬೂದು ಬಂದರೆ ಮುಚ್ಚಳದಿಂದ ಬೆಳಕು ಸೋರುತ್ತಿದೆ, ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ. ಆಕಾಶ ಕಪ್ಪಾಗಿ ನೆರಳು ಖಾಲಿ ಬಿಳಿ ಇದ್ದರೆ ಅದು ಸಮಯದ ತಪ್ಪಲ್ಲ, ಕಾಂಟ್ರಾಸ್ಟ್ ಹೆಚ್ಚು. ಮೋಡದ ದಿನ ತೆಗೆಯಿರಿ.

ಫಿಲ್ಮ್ ಪೆಟ್ಟಿಗೆಗೆ ಇದೇ ಲೆಕ್ಕ, ಜೊತೆಗೆ ಒಂದು ತಿದ್ದುಪಡಿ. 50 ಮಿ.ಮೀ. ದೂರ, 0.25 ರಂಧ್ರ ಅಂದರೆ ಎಫ್/200, 156 ಪಟ್ಟು. ಐಎಸ್‌ಒ 125ಕ್ಕೆ ಬಿಸಿಲಲ್ಲಿ ಒಂದೂಕಾಲು ಸೆಕೆಂಡ್. ಸಮಯ ಉದ್ದವಾದಂತೆ ಫಿಲ್ಮ್ ಮಂದವಾಗುತ್ತದೆ. ಎಫ್‌ಪಿ4 ಪ್ಲಸ್‌ಗೆ ಇಲ್ಫೋರ್ಡ್ ಕೊಡುವ ಘಾತ 1.26 (ಲೆಕ್ಕದ ಸೆಕೆಂಡನ್ನು ಈ ಘಾತಕ್ಕೆ ಏರಿಸಬೇಕು): ಲೆಕ್ಕದಲ್ಲಿ 10 ಸೆಕೆಂಡ್ ಬಂದರೆ ಕೊಡಬೇಕಾದ್ದು 18, 30 ಬಂದರೆ 73, 100 ಬಂದರೆ ಐದೂವರೆ ನಿಮಿಷ. ಅದೇ ಕಂಪನಿಯ ಎಚ್‌ಪಿ5 ಪ್ಲಸ್ ಫಿಲ್ಮ್‌ಗೆ ಘಾತ 1.31, ಅಲ್ಲಿ 100 ಸೆಕೆಂಡ್ ಏಳು ನಿಮಿಷವಾಗುತ್ತದೆ. ಪೇಪರಿಗೆ ಐದಾರು ನಿಮಿಷದವರೆಗೆ ಈ ತಲೆನೋವು ಬೇಡ. ಒಂದೆರಡು ಸೆಕೆಂಡಿನ ಎಕ್ಸ್‌ಪೋಷರ್‌ಗೆ ಟೇಪ್ ಕಿತ್ತರೆ ಪೆಟ್ಟಿಗೆ ಅಲುಗುತ್ತದೆ. ಮುಂದೆ ಕಪ್ಪು ರಟ್ಟು ಹಿಡಿದು ಟೇಪ್ ತೆಗೆಯಿರಿ, ಅಲುಗಾಟ ನಿಂತ ಮೇಲೆ ರಟ್ಟು ಸರಿಸಿ.

ನಾಲ್ಕು ಪಟ್ಟಿ ಒಣಗಿದ ಮೇಲೆ ಫೋಟೋ ಹಾಕಿ, ಸ್ಕ್ಯಾನ್‌ನಲ್ಲಿ ರಂಧ್ರ ಎಷ್ಟು ಪಿಕ್ಸೆಲ್ ಬಂತು ಅಂತಲೂ ಬರೆಯಿರಿ, ಮುಂದಿನದು ನೋಡೋಣ.